ಹಣೆಬರಹಕ್ಕೆ ಹೊಣೆ ಯಾರು? — ಜೈನ ಕಾವ್ಯಗಳಲ್ಲಿ ವಿಧಿವಾಚಕ ಶಬ್ದಗಳು

ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಮನೆತನದವಳು. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಬರೆಸಿದ ಶಾಸನವು ಆಕೆಯನ್ನು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕರೆಯುತ್ತದೆ. ಜೋಯಿಸನೆಂದರೆ ಜ್ಯೋತಿಷಿ, ಗ್ರಹಗಳ ನಡೆಯನ್ನು ಗುಣಿಸಿ ಮುಂದಾಗುವುದನ್ನು ಹೇಳುವವನು. ಆ ಮನೆಯ ಹೆಣ್ಣುಮಗಳು ವೈದಿಕ ಮನೆತನದಲ್ಲಿ ಹುಟ್ಟಿ ಜಿನಧರ್ಮವನ್ನು ಸ್ವೀಕರಿಸಿದ ಭೀಮಪ್ಪಯ್ಯನ ಕೈಹಿಡಿದಳು. ಅವರ ಮಗನು 941ರಲ್ಲಿ ಆದಿಪುರಾಣವನ್ನೂ ವಿಕ್ರಮಾರ್ಜುನ ವಿಜಯವನ್ನೂ ರಚಿಸಿದನು. ತಾಯಿಯ ಕಡೆಯಿಂದ ಗ್ರಹಗತಿಯ ಭಾಷೆ, ತಂದೆಯ ಪೂರ್ವಜರಿಂದ ಯಜ್ಞವಿಧಿಯ ಭಾಷೆ, ತಾನು ನಂಬಿದ ಧರ್ಮದಿಂದ ಕರ್ಮಸಿದ್ಧಾಂತದ ಭಾಷೆ, ಈ ಮೂರೂ ಪಂಪನ ಮುಂದಿದ್ದವು. ಮನುಷ್ಯನ ಸುಖದುಃಖಗಳಿಗೆ ಕಾರಣವನ್ನು ಹೇಳುವಾಗ ಜೈನ ಕವಿಯೊಬ್ಬನು ಯಾವ ಶಬ್ದವನ್ನು ಯಾವ ಅರ್ಥದಲ್ಲಿ ಬಳಸುತ್ತಾನೆಂಬುದು ಆದ್ದರಿಂದ ಕೇವಲ ಶಬ್ದಕೋಶದ ಪ್ರಶ್ನೆಯಲ್ಲ. ಅದು ಕಾವ್ಯವನ್ನು ಸರಿಯಾಗಿ ಓದುವ ಪ್ರಶ್ನೆ. ಶ್ರಾವಕನ ಮನೆಯ ಮಾತಿನ ಪ್ರಶ್ನೆಯೂ ಹೌದು.

‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ಗಾದೆ ಕನ್ನಡನಾಡಿನ ಎಲ್ಲ ಮತದವರ ಬಾಯಲ್ಲಿಯೂ ಇದೆ. ಯಾರೂ ಹೊಣೆಯಲ್ಲ ಎಂಬ ಉತ್ತರವನ್ನು ಒಳಗಿಟ್ಟುಕೊಂಡೇ ಈ ಪ್ರಶ್ನೆ ಹುಟ್ಟಿದೆ. ಜೈನರ ಮನೆಗಳಲ್ಲಿಯೂ ಮಗಳ ಸಂಬಂಧ ಕೂಡಿಬರದಿದ್ದಾಗ, ಬೆಳೆ ಹೋದಾಗ, ಎಳೆಯ ಜೀವವೊಂದು ತೀರಿಕೊಂಡಾಗ ಇದೇ ಗಾದೆ ಹೊರಡುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಧರ್ಮದ ಅನುಯಾಯಿಗಳು ಹಣೆಯ ಮೇಲೆ ಬರೆಯುವ ಕೈಯೊಂದನ್ನು ಮಾತಿನಲ್ಲಿ ಹೇಗೆ ಉಳಿಸಿಕೊಂಡರೆಂಬುದು ವಿಚಾರಾರ್ಹ.

ಶಬ್ದಗಳ ಮೂಲ

ಈ ಬಗೆಯ ಶಬ್ದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವುಗಳ ಹಿಂದಿನ ಕಲ್ಪನೆಗಳು ಬೇರೆಬೇರೆಯೆಂದು ತಿಳಿಯುತ್ತದೆ. ‘ಭಾಗ್ಯ’ವು ಭಾಗದಿಂದ ಬಂದದ್ದು, ಪಾಲಿಗೆ ಬಂದದ್ದೆಂದು ಅದರ ಅರ್ಥ. ಧಾರವಾಡ ಸೀಮೆಯ ಆಡುಮಾತಿನಲ್ಲಿ ಬಳಕೆಯಾಗುವ ‘ನಸೀಬ’ವು ಅರಬ್ಬಿ ಮೂಲದ ಶಬ್ದ, ಅದರ ಮೂಲಾರ್ಥವೂ ಪಾಲೆಂದೇ. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಅಚ್ಚಗನ್ನಡ ಗಾದೆಯೂ ಇದೇ ಕಲ್ಪನೆಯದು. ಮೂರು ಭಾಷೆಗಳು ಬದುಕನ್ನು ಹಂಚಿಕೆಯ ರೂಪದಲ್ಲಿ ಕಂಡಿವೆ. ಹಂಚಿಕೆಯೆಂದ ಮೇಲೆ ಹಂಚುವವನೊಬ್ಬನಿರಬೇಕೆಂಬ ಭಾವನೆ ಅದರ ಬೆನ್ನಿಗೇ ಬರುತ್ತದೆ.

‘ವಿಧಿ’ ಎಂಬುದು ‘ಧಾ’ ಧಾತುವಿಗೆ ‘ವಿ’ ಎಂಬ ಉಪಸರ್ಗ ಸೇರಿ ಆದ ಶಬ್ದ. ಇಡು, ಏರ್ಪಡಿಸು, ಕಟ್ಟಳೆ ಮಾಡು ಎಂದು ಅದರ ಅರ್ಥ. ಪೂಜಾವಿಧಿ, ಅಭಿಷೇಕವಿಧಿ, ವಿಧಾನ, ವಿಧೇಯಕ ಮೊದಲಾದ ಮಾತುಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಕಟ್ಟಳೆಯೆಂಬ ಅರ್ಥದಿಂದ ಕಟ್ಟಳೆ ಮಾಡಿದವನು, ಅಂದರೆ ಬ್ರಹ್ಮನು ಎಂಬ ಅರ್ಥವೂ, ಅಲ್ಲಿಂದ ಅವನು ಮಾಡಿಟ್ಟ ಗತಿಯೆಂಬ ಅರ್ಥವೂ ಬೆಳೆದವು. ಹಳಗನ್ನಡದಲ್ಲಿ ಇದರ ತದ್ಭವ ‘ಬಿದಿ’. ‘ನಿಯತಿ’ಯು ‘ಯಮ್’ ಧಾತುವಿನಿಂದ ಬಂದದ್ದು. ಬಿಗಿಹಿಡಿದದ್ದು, ಕದಲದಂತೆ ನಿಲ್ಲಿಸಿದ್ದು ಎಂದರ್ಥ. ‘ದೈವ’ವೆಂದರೆ ದೇವನಿಗೆ ಸೇರಿದ್ದು. ‘ಗ್ರಹಚಾರ’ವೆಂದರೆ ಗ್ರಹಗಳ ಸಂಚಾರ, ಆಕಾಶದ ಗಣಿತವನ್ನು ಹೇಳುವ ನಿರ್ದೋಷವಾದ ಈ ಮಾತು ‘ಗ್ರಾಚಾರ’ವಾಗಿ ಬರಿಯ ಕೇಡಿಗೆ ಹೆಸರಾಯಿತು. ‘ಅದೃಷ್ಟ’ವೆಂದರೆ ಕಾಣದ್ದು. ಕಾರಣವು ಕಣ್ಣಿಗೆ ಬೀಳದೆ ಫಲ ಮಾತ್ರ ತೋರಿದಾಗ ಶಾಸ್ತ್ರಕಾರರು ಬಳಸಿದ ಈ ಎಚ್ಚರದ ಶಬ್ದವು ಇಂದು ಲಾಟರಿಯ ಚೀಟಿಗೆ ಒಗ್ಗಿಕೊಂಡಿದೆ.

‘ಹಣೆಬರಹ’ವು ಇವೆಲ್ಲಕ್ಕಿಂತ ಗಟ್ಟಿಯಾದ ಚಿತ್ರವನ್ನು ಕೊಡುತ್ತದೆ. ಅಣ್ಣಿಗೇರಿಯ ಕಡೆ ಜನರು ‘ಹಣೇಬಾರ’ ಎನ್ನುವುದುಂಟು. ತಲೆಬುರುಡೆಯ ಎಲುಬುಗಳು ಕೂಡುವಲ್ಲಿ ಕಾಣುವ ಅಂಕುಡೊಂಕಾದ ಗೆರೆಗಳೇ ಬ್ರಹ್ಮಲಿಪಿಯೆಂಬ ಜನಪದ ನಂಬಿಕೆಯೂ ಇದರ ಜೊತೆಗಿದೆ. 2010ರಲ್ಲಿ ಇದೇ ಅಣ್ಣಿಗೇರಿಯಲ್ಲಿ ಚರಂಡಿಯ ಕಾಮಗಾರಿಗಾಗಿ ನೆಲ ಅಗೆದಾಗ ಸಾಲಾಗಿ ಜೋಡಿಸಿದ ನೂರಾರು ತಲೆಬುರುಡೆಗಳು ದೊರೆತವು. ಅವು ಬರಗಾಲದ ಸಾವೋ ಯುದ್ಧದ ಸಾವೋ ಎಂದು ವಿದ್ವಾಂಸರು ಚರ್ಚಿಸಿದರು. ಕಾಲನಿರ್ಣಯಕ್ಕಾಗಿ ಎಲುಬುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಆ ಗೆರೆಗಳನ್ನು ಓದಿ ಅವರ ಸಾವಿನ ಕಾರಣವನ್ನು ತಿಳಿಯಬಹುದೆಂದು ಯಾರೂ ಹೇಳಲಿಲ್ಲ. ಕಾರಣವನ್ನು ಅರಿಯಬೇಕೆಂಬ ಇಚ್ಛೆ ನಿಜವಾಗಿದ್ದಾಗ ಮನುಷ್ಯನು ಹಣೆಬರಹದ ಮಾತಿನಲ್ಲಿ ನಿಲ್ಲುವುದಿಲ್ಲ.

ಈ ಎಲ್ಲ ಶಬ್ದಗಳ ನಡುವೆ ‘ಕರ್ಮ’ವೊಂದೇ ‘ಮಾಡು’ ಎಂಬ ಅರ್ಥದ ‘ಕೃ’ ಧಾತುವಿನಿಂದ ಹುಟ್ಟಿದ್ದು. ಉಳಿದವುಗಳಲ್ಲಿ ಮಾಡಿದವನು ಹೊರಗಿದ್ದಾನೆ, ಇಲ್ಲವೆ ಮರೆಯಾಗಿದ್ದಾನೆ. ಕರ್ಮವೆಂಬಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ.

ಜಿನಸೇನಾಚಾರ್ಯರ ನಿರ್ಣಯ

ಪಂಪನ ಆದಿಪುರಾಣಕ್ಕೆ ಆಕರವಾದ ಸಂಸ್ಕೃತ ಪೂರ್ವಪುರಾಣವನ್ನು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಆಚಾರ್ಯ ಜಿನಸೇನರು ರಚಿಸಿದರು. ಅದರ ನಾಲ್ಕನೆಯ ಪರ್ವದಲ್ಲಿ ಲೋಕವನ್ನು ಒಬ್ಬನು ಸೃಷ್ಟಿಸಿದನೆಂಬ ವಾದವನ್ನು ಆಚಾರ್ಯರು ದೀರ್ಘವಾಗಿ ಖಂಡಿಸಿದ್ದಾರೆ. ಆ ಸಂದರ್ಭದಲ್ಲಿಯೇ ಅವರು ಶಬ್ದಾರ್ಥದ ಒಂದು ನಿರ್ಣಯವನ್ನೂ ಕೊಡುತ್ತಾರೆ: ವಿಧಿ, ಸ್ರಷ್ಟಾ, ವಿಧಾತಾ, ದೈವ, ಪುರಾಕೃತ ಕರ್ಮ, ಈಶ್ವರ ಇವೆಲ್ಲವೂ ಕರ್ಮವೆಂಬ ಬ್ರಹ್ಮನಿಗೇ ಪರ್ಯಾಯನಾಮಗಳೆಂದು ತಿಳಿಯಬೇಕು ಎಂಬುದು ಅದರ ತಾತ್ಪರ್ಯ.

ಈ ನಿರ್ಣಯದ ಮಹತ್ತ್ವವನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತಿಲ್ಲ. ಆಚಾರ್ಯರು ಜನರ ಬಾಯಿಂದ ಆ ಶಬ್ದಗಳನ್ನು ಕಸಿಯಲಿಲ್ಲ. ವಿಧಿಯೆನ್ನಬೇಡಿರಿ, ದೈವವೆನ್ನಬೇಡಿರಿ ಎಂದು ನಿಷೇಧಿಸಲಿಲ್ಲ. ಶಬ್ದವನ್ನು ಉಳಿಸಿ, ಅದರೊಳಗಿದ್ದ ಕರ್ತೃವನ್ನು ತೆಗೆದು, ಆ ಸ್ಥಾನದಲ್ಲಿ ಜೀವನ ಸ್ವಂತ ಕ್ರಿಯೆಯನ್ನು ಇಟ್ಟರು. ಆದ್ದರಿಂದ ಜೈನ ಪುರಾಣದಲ್ಲಿ ‘ವಿಧಿ’ ಎಂಬ ಪದ ಬಂದೊಡನೆ ಅಲ್ಲಿ ವಿಧಿವಾದವಿದೆಯೆಂದು ತೀರ್ಮಾನಿಸುವುದು ಅವಸರದ ಓದಾಗುತ್ತದೆ. ಪದವು ಲೋಕದ್ದು, ಅರ್ಥವು ಆಗಮದ್ದು.

ಕಾವ್ಯದ ಮೂರು ಸಂದರ್ಭಗಳು

ಆದಿಪುರಾಣದ ವಜ್ರಜಂಘ-ಶ್ರೀಮತಿಯರ ಮರಣವು ಕನ್ನಡ ಓದುಗರೆಲ್ಲರಿಗೂ ಪರಿಚಿತವಾದದ್ದು. ಶಯನಗೃಹದಲ್ಲಿ ಧೂಪವನ್ನಿಟ್ಟ ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆತರು. ಹೊಗೆ ತುಂಬಿ ದಂಪತಿಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡಂತೆಯೇ ಪ್ರಾಣಬಿಟ್ಟರು. ಓದಿದವರು ‘ಎಂಥ ವಿಧಿ’ ಎನ್ನುವುದು ಸಹಜ. ಆದರೆ ಕಥೆಯು ಕಾರಣಗಳನ್ನು ಎಣಿಸಿಯೇ ಹೇಳುತ್ತದೆ: ಧೂಪ, ಮುಚ್ಚಿದ ಗವಾಕ್ಷ, ಸೇವಕರ ಮರೆವು, ತೀರಿದ ಆಯುಷ್ಯ. ಹೊರಗಿನ ಮೂರು ನಿಮಿತ್ತಗಳು, ಒಳಗಿನದು ಆಯುಃಕರ್ಮ. ದೇವತೆಯೊಬ್ಬನ ಕೋಪವಾಗಲಿ ಶಾಪವಾಗಲಿ ಇಲ್ಲಿಲ್ಲ. ಭೋಗಕ್ಕೆಂದು ಇಟ್ಟ ವಸ್ತುವೇ ಮೃತ್ಯುವಾಯಿತೆಂಬ ಅರಿವು ಇಲ್ಲಿ ಮುಖ್ಯ. ಆ ಅರಿವಿನಿಂದ ಮುಂದಿನ ಭವದಲ್ಲಿ ಅವರಿಗೆ ಸಮ್ಯಕ್ತ್ವದ ದಾರಿ ತೆರೆಯುತ್ತದೆಯೆಂಬುದು ಕಥೆಯ ನಡೆ.

ನೀಲಾಂಜನೆಯ ನೃತ್ಯವು ಇನ್ನೂ ಸೂಕ್ಷ್ಮವಾದ ಸಂದರ್ಭ. ಆದಿನಾಥನಲ್ಲಿ ವೈರಾಗ್ಯವನ್ನು ಮೂಡಿಸಲೆಂದು ಇಂದ್ರನು ಆಯುಷ್ಯ ಮುಗಿಯಲಿದ್ದ ನರ್ತಕಿಯನ್ನೇ ಆರಿಸಿ ಕಳುಹಿಸುತ್ತಾನೆ. ಆಕೆ ಕುಣಿಯುತ್ತಲೇ ಮಾಯವಾದಾಗ ರಸಭಂಗವಾಗದಂತೆ ಅಂಥದೇ ಮತ್ತೊಂದು ರೂಪವನ್ನು ನಿಲ್ಲಿಸುತ್ತಾನೆ. ಮೇಲ್ನೋಟಕ್ಕೆ ಇದು ದೇವಸಂಕಲ್ಪದ ಕಥೆ. ದೇವನೊಬ್ಬನು ಮುಂದಾಗುವುದನ್ನು ಏರ್ಪಡಿಸಿದ್ದಾನೆ. ಆದರೆ ಇಂದ್ರನ ಅಧಿಕಾರ ಎಲ್ಲಿಯವರೆಗೆಂಬುದನ್ನು ನೋಡಬೇಕು. ನೀಲಾಂಜನೆಯ ಆಯುಷ್ಯವನ್ನು ಅವನು ಮುಗಿಸಲಿಲ್ಲ; ಮುಗಿಯುವುದೆಂದು ತಿಳಿದಿದ್ದನು, ಅಷ್ಟೆ. ಸಭೆಯಲ್ಲಿದ್ದ ಎಲ್ಲರೂ ಅದೇ ನೃತ್ಯವನ್ನು ನೋಡಿದರು. ಬದಲಾವಣೆಯನ್ನು ಕಂಡವನು ಆದಿದೇವನೊಬ್ಬನೇ. ನಿಮಿತ್ತವನ್ನು ಇಂದ್ರನು ಒದಗಿಸಬಲ್ಲನು, ವೈರಾಗ್ಯವನ್ನು ಒದಗಿಸಲಾರನು.

ಮೂರನೆಯದು ಮಹಾಬಲನ ಕಥೆ. ಅವನ ಮಂತ್ರಿ ಸ್ವಯಂಬುದ್ಧನು ಚಾರಣಮುನಿಗಳಿಂದ ಎರಡು ಮಾತುಗಳನ್ನು ತಿಳಿಯುತ್ತಾನೆ. ಈ ಅರಸನು ಹತ್ತನೆಯ ಭವದಲ್ಲಿ ತೀರ್ಥಂಕರನಾಗುವನೆಂಬುದು ಒಂದು. ಅವನಿಗೆ ಉಳಿದಿರುವುದು ಒಂದೇ ತಿಂಗಳ ಆಯುಷ್ಯವೆಂಬುದು ಇನ್ನೊಂದು. ನಿಯತಿವಾದಿಯಾದ ಮಂತ್ರಿಯಾಗಿದ್ದರೆ, ಆಗುವುದು ಆಗಿಯೇ ತೀರುವುದೆಂದು ಸುಮ್ಮನಿರಬಹುದಾಗಿತ್ತು. ಸ್ವಯಂಬುದ್ಧನು ಅವಸರದಿಂದ ಅರಸನಲ್ಲಿಗೆ ಬಂದು ಅವನನ್ನು ಎಚ್ಚರಿಸುತ್ತಾನೆ. ಮಹಾಬಲನು 8 ದಿನ ಆಷ್ಟಾಹ್ನಿಕ ಪೂಜೆಯಲ್ಲಿಯೂ ಉಳಿದ 22 ದಿನ ಸಲ್ಲೇಖನದಲ್ಲಿಯೂ ಕಳೆಯುತ್ತಾನೆ. ಮುಂದಾಗುವುದು ತಿಳಿದದ್ದರಿಂದ ಇಲ್ಲಿ ಪ್ರಯತ್ನವು ಕುಗ್ಗಲಿಲ್ಲ, ಹೆಚ್ಚಿತು. ಭವಿಷ್ಯವಾಣಿಯನ್ನು ಹೇಗೆ ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಪುರಾಣದಲ್ಲಿ ವಿರಳ.

ಇದೇ ದೃಷ್ಟಿಯನ್ನು ವಿಕ್ರಮಾರ್ಜುನ ವಿಜಯದ ಕರ್ಣನ ವಿಷಯದಲ್ಲಿಯೂ ಹಿಡಿಯಬಹುದು. ಅದು ಲೌಕಿಕ ಕಾವ್ಯ. ಅಲ್ಲಿನ ದೇವತೆಗಳೂ ಶಾಪಗಳೂ ವ್ಯಾಸಭಾರತದಿಂದ ಬಂದವು. ಕರ್ಣನನ್ನು ವಿಧಿಯ ಕೈಗೊಂಬೆಯೆಂದು ವರ್ಣಿಸುವ ರೂಢಿ ಕನ್ನಡ ವಿಮರ್ಶೆಯಲ್ಲಿ ಬೇರೂರಿದೆ. ಹುಟ್ಟಿದೊಡನೆ ನದಿಯ ಪಾಲಾದದ್ದು ಅವನ ಕೈಯಲ್ಲಿರಲಿಲ್ಲವೆಂಬುದು ನಿಜ. ಆದರೆ ಕೃಷ್ಣನೂ ಕುಂತಿಯೂ ಬಂದು ಜನ್ಮರಹಸ್ಯವನ್ನು ತಿಳಿಸಿದಾಗ, ರಾಜ್ಯವೂ ಪ್ರಾಣವೂ ಉಳಿಯುವ ದಾರಿ ತೆರೆದಿದ್ದಾಗ, ದುರ್ಯೋಧನನನ್ನು ಬಿಡಲಾರೆನೆಂದು ನಿಂತವನು ಕರ್ಣನೇ. ಅದನ್ನೂ ವಿಧಿಯ ಲೆಕ್ಕಕ್ಕೆ ಬರೆದರೆ ಪಂಪನು ಮೆಚ್ಚಿದ ಗುಣವೇ ಇಲ್ಲವಾಗುತ್ತದೆ. ಕೈಗೊಂಬೆಗೆ ನಿಷ್ಠೆಯೆಂಬುದಿರುವುದಿಲ್ಲ.

ದೈವ ಮತ್ತು ಪೌರುಷ

ಹುಟ್ಟಿನಲ್ಲಿ ಒಂದು ಬಗೆ, ನಿಷ್ಠೆಯಲ್ಲಿ ಇನ್ನೊಂದು ಬಗೆ ಎಂಬ ಈ ವಿವೇಚನೆಗೆ ಆಧಾರವು ಆಚಾರ್ಯ ಸಮಂತಭದ್ರರ ಆಪ್ತಮೀಮಾಂಸೆಯಲ್ಲಿದೆ. ಎಲ್ಲವೂ ದೈವದಿಂದಲೇ ಆಗುವುದಾದರೆ ಆ ದೈವವು ಪೌರುಷದಿಂದ ಹೇಗೆ ಉಂಟಾಯಿತೆಂದು ಅವರು ಕೇಳುತ್ತಾರೆ. ದೈವದಿಂದಲೇ ದೈವವೆಂದರೆ ಸರಪಳಿ ಎಂದಿಗೂ ತುಂಡಾಗದು. ಮೋಕ್ಷವಿಲ್ಲ, ಪ್ರಯತ್ನವೆಲ್ಲ ವ್ಯರ್ಥ. ಎಲ್ಲವೂ ಪೌರುಷದಿಂದಲೇ ಎಂದರೆ ಪ್ರಯತ್ನಿಸಿದ ಪ್ರತಿಯೊಂದು ಜೀವಿಯೂ ಗೆಲ್ಲಬೇಕಾಗಿತ್ತು, ಲೋಕದಲ್ಲಿ ಹಾಗಿಲ್ಲ. ಆದ್ದರಿಂದ ಎಣಿಸದೆ ಬಂದೊದಗುವ ಇಷ್ಟಾನಿಷ್ಟಗಳಲ್ಲಿ ತನ್ನ ದೈವವು ಪ್ರಧಾನ. ಎಣಿಸಿ ಮಾಡಿದವುಗಳಲ್ಲಿ ತನ್ನ ಪೌರುಷವು ಪ್ರಧಾನ. ಎರಡು ಕಡೆಯೂ ‘ತನ್ನ’ ಎಂಬ ಮಾತಿರುವುದನ್ನು ಗಮನಿಸಬೇಕು. ಇದಕ್ಕೆ ಭಾಷ್ಯ ಬರೆದ ಅಕಲಂಕದೇವರು ಪೂರ್ವಕರ್ಮವನ್ನು ಅದೃಷ್ಟವೆಂದೂ ಇಹದ ಪ್ರಯತ್ನವನ್ನು ದೃಷ್ಟವೆಂದೂ ವಿವರಿಸಿದ್ದಾರೆ. ಕಾಣದ್ದೂ ತನ್ನದೇ, ಕಾಣುವುದೂ ತನ್ನದೇ.

ಆಜೀವಿಕ ಮತದ ನಿಯತಿವಾದವನ್ನು ಜೈನರು ತೊಡಗಿದಂದಿನಿಂದಲೂ ವಿರೋಧಿಸಿದರು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಸದ್ದಾಲಪುತ್ರನೆಂಬ ಕುಂಬಾರನ ಪ್ರಸಂಗವಿದೆ. ಮಡಕೆಗಳು ಪ್ರಯತ್ನದಿಂದ ಆದವೋ ನಿಯತಿಯಿಂದಲೋ ಎಂದು ಭಗವಾನ್ ಮಹಾವೀರರು ಕೇಳಿದಾಗ ಅವನು ನಿಯತಿಯೆನ್ನುತ್ತಾನೆ. ಯಾರಾದರೂ ಅವುಗಳನ್ನು ಒಡೆದರೆ ಏನು ಮಾಡುವೆಯೆಂದು ಕೇಳಿದಾಗ ದಂಡಿಸುವೆನೆನ್ನುತ್ತಾನೆ. ಹಾಗಾದರೆ ಒಡೆದವನಿಗೆ ಹೊಣೆಯಿದೆಯೆಂದಾಯಿತು. ತನ್ನ ಮಡಕೆ ಒಡೆದಾಗ ಯಾರೂ ನಿಯತಿವಾದಿಗಳಾಗಿ ಉಳಿಯುವುದಿಲ್ಲ. ದಿಗಂಬರ ಪರಂಪರೆಯಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ನಿಯತಿವಾದವನ್ನು ಏಕಾಂತ ಮತಗಳ ಸಾಲಿನಲ್ಲಿಯೇ ಸೇರಿಸಿದ್ದಾರೆ.

ಅದೇ ಗ್ರಂಥವು ಕರ್ಮದ ಹತ್ತು ಕರಣಗಳನ್ನು ಹೇಳುತ್ತದೆ: ಬಂಧ, ಉತ್ಕರ್ಷಣ, ಸಂಕ್ರಮಣ, ಅಪಕರ್ಷಣ, ಉದೀರಣೆ, ಸತ್ತ್ವ, ಉದಯ, ಉಪಶಮ, ನಿಧತ್ತಿ, ನಿಕಾಚನೆ. ಕಟ್ಟಿದ ಕರ್ಮದ ಕಾಲವೂ ತೀವ್ರತೆಯೂ ಹೆಚ್ಚಬಹುದು, ಕುಗ್ಗಬಹುದು, ಒಂದು ಪ್ರಕೃತಿಯು ತನ್ನ ಜಾತಿಯ ಇನ್ನೊಂದಾಗಿ ಮಾರ್ಪಡಬಹುದು, ಕಾಲಕ್ಕೆ ಮೊದಲೇ ಉದಯಕ್ಕೆ ಬರಬಹುದು, ಅಡಗಿರಬಹುದು. ನಿಕಾಚಿತವೊಂದೇ ಇಂಥ ಬದಲಾವಣೆಗೆ ಒಗ್ಗದ್ದು. ಅದೂ ಜಿನಬಿಂಬದರ್ಶನದಿಂದ ಕ್ಷಯವಾಗಬಲ್ಲುದೆಂದು ವೀರಸೇನಾಚಾರ್ಯರ ಧವಲಾ ಟೀಕೆ ಹೇಳುತ್ತದೆ. ಇಷ್ಟು ಬಗೆಯ ಪರಿಣಾಮಗಳಿರುವ ವ್ಯವಹಾರವನ್ನು ‘ಬರಹ’ವೆಂದು ಕರೆಯುವುದು ಹೊಂದುವುದಿಲ್ಲ. ಕಲ್ಲಿನ ಬರಹ ಬದಲಾಗದು. ಕರ್ಮವು ಕ್ಷಣಕ್ಷಣದ ಭಾವದಿಂದ ಬದಲಾಗುತ್ತದೆ.

ಇದಕ್ಕೆ ಪ್ರತಿಯಾಗಿ ಸ್ವಾಮಿಕಾರ್ತಿಕೇಯಾನುಪ್ರೇಕ್ಷೆಯ ಮಾತನ್ನು ಎತ್ತುವವರುಂಟು. ಯಾವ ದೇಶಕಾಲದಲ್ಲಿ, ಯಾವ ವಿಧಾನದಿಂದ ಏನಾಗುವುದೆಂದು ಜಿನನು ತಿಳಿದಿರುವನೋ ಅದು ಹಾಗೆಯೇ ಆಗುವುದು. ಇಂದ್ರನಾಗಲಿ ಜಿನೇಂದ್ರನಾಗಲಿ ಅದನ್ನು ತಪ್ಪಿಸಲಾರರೆಂದು ಅಲ್ಲಿದೆ. ಆದರೆ ಆ ಮಾತಿನ ಹಿಂದಿನ ಗಾಹೆಗಳನ್ನು ಬಿಟ್ಟು ಓದಬಾರದು. ವ್ಯಂತರದೇವತೆಗಳು ಪೂಜೆಗೆ ಒಲಿದು ಸಂಪತ್ತನ್ನು ಕೊಡುವುದಾದರೆ ಧರ್ಮವನ್ನೇಕೆ ಆಚರಿಸಬೇಕೆಂದು ಆಚಾರ್ಯರು ಅಲ್ಲಿ ಕೇಳಿದ್ದಾರೆ. ಭಯದಿಂದ ದೇವತೆಗಳ ಮೊರೆಹೊಗುವವನಿಗೆ ಧೈರ್ಯ ತುಂಬುವುದು ಆ ಪ್ರಕರಣದ ಉದ್ದೇಶ. ಸರ್ವಜ್ಞನು ಅರಿಯುತ್ತಾನೆ, ಮಾಡುವುದಿಲ್ಲ. ಅವನ ಅರಿವಿನಲ್ಲಿ ಫಲದಂತೆಯೇ ಅದಕ್ಕೆ ಕಾರಣವಾದ ಪ್ರಯತ್ನವೂ ಸೇರಿದೆ.

ಮನೆಯ ಮಾತು, ಬಸದಿಯ ಮಾತು

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯು ವಿಧಿಯ ಭಯಕ್ಕೆ ಮನುಷ್ಯನು ತೆರುವ ಬೆಲೆಯನ್ನು ತೋರಿಸುತ್ತದೆ. ಮಗನು ಹೇಳಿದ ಕನಸನ್ನು ಅಪಶಕುನವೆಂದು ತಿಳಿದ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಟ್ಟು ಕೇಡನ್ನು ತಪ್ಪಿಸಬಯಸುತ್ತಾಳೆ. ಜೀವಬಲಿಗೆ ಒಪ್ಪದ ಯಶೋಧರನು ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಸತ್ತದ್ದು ಹಿಟ್ಟು, ಕಟ್ಟಿದ್ದು ಸಂಕಲ್ಪದ ಕರ್ಮ. ತಾಯಿಮಕ್ಕಳು ತಿರ್ಯಗ್ಗತಿಯಲ್ಲಿ ಮತ್ತೆಮತ್ತೆ ಹುಟ್ಟಿ ಸಾಯುತ್ತಾರೆ. ಬರಲಿರುವ ವಿಧಿಯನ್ನು ತಪ್ಪಿಸಹೋದವರು ಇಲ್ಲದ ವಿಧಿಯನ್ನು ತಾವೇ ಮಾಡಿಕೊಂಡರು. ಗ್ರಹದೋಷದ ಹೆಸರಿನಲ್ಲಿ ಭಯವನ್ನು ಹುಟ್ಟಿಸಿ ಶಾಂತಿಯನ್ನು ಮಾರುವ ಪದ್ಧತಿ ಎಲ್ಲಿಯೇ ತಲೆಹಾಕಲಿ, ಬಸದಿಯ ಆಡಳಿತವನ್ನು ನೋಡುವವರು ಜನ್ನನ ಈ ಕಥೆಯನ್ನು ನೆನೆಯುವುದು ಒಳ್ಳೆಯದು. ಜಿನಪೂಜೆಯು ಪರಿಣಾಮಶುದ್ಧಿಗಾಗಿ; ಹಣೆಯ ಬರಹವನ್ನು ತಿದ್ದಿಸುವ ಅರ್ಜಿಯಲ್ಲ.

ಇನ್ನೊಂದು ಅಪಾಯವು ಇದಕ್ಕಿಂತ ಗಂಭೀರವಾದದ್ದು. ಮಾಡಿದವನ ಹೊಣೆಯನ್ನು ಹೇಳಲು ಹುಟ್ಟಿದ ‘ಕರ್ಮ’ವೆಂಬ ಶಬ್ದವೇ ಇಂದು ಹೊಣೆಯಿಂದ ಜಾರಿಕೊಳ್ಳುವ ಮಾತಾಗಿದೆ. ಕಷ್ಟಕ್ಕೆ ಸಿಕ್ಕಿದ ನೆರೆಯವನನ್ನು ಕಂಡು ‘ಅವನ ಕರ್ಮ’ ಎನ್ನುವುದು, ಗಂಡನನ್ನು ಕಳೆದುಕೊಂಡವಳನ್ನು ಮಂಗಲಕಾರ್ಯದಲ್ಲಿ ಹಿಂದೆ ನಿಲ್ಲಿಸಿ ‘ಆಕೆಯ ಕರ್ಮ’ ಎನ್ನುವುದು, ಅಂಗವಿಕಲ ಮಗುವಿನ ತಾಯಿಗೆ ಪೂರ್ವಜನ್ಮದ ಪಾಪವನ್ನು ಹೇಳುವುದು ಶಾಸ್ತ್ರದ ಮಾತಿನಂತೆ ಕೇಳಿಸುತ್ತದೆ, ಶಾಸ್ತ್ರಕ್ಕೆ ವಿರುದ್ಧವಾದದ್ದು. ಇನ್ನೊಬ್ಬರ ಕರ್ಮದ ಲೆಕ್ಕ ಕೇವಲಜ್ಞಾನಿಗೆ ಗೋಚರ, ಶ್ರಾವಕನಿಗಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದೂ, ಭೂತಾನುಕಂಪೆ, ದಾನ, ಕ್ಷಮೆಗಳು ಸಾತಾವೇದನೀಯಕ್ಕೆ ಕಾರಣವೆಂದೂ ಸ್ಪಷ್ಟವಾಗಿದೆ. ನೊಂದವನಿಗೆ ಅವನ ಕರ್ಮವನ್ನು ತೋರಿಸಿ ನೋಯಿಸಿದವನು ಆ ಗಳಿಗೆಯಲ್ಲಿಯೇ ತನ್ನ ಕರ್ಮವನ್ನು ಕಟ್ಟಿಕೊಳ್ಳುತ್ತಿರುತ್ತಾನೆ. ಕರ್ಮವೆಂಬುದು ತನ್ನನ್ನು ಕುರಿತು ಆಡಬೇಕಾದ ಮಾತು; ಪರರನ್ನು ಕುರಿತಾದರೆ ಅಲ್ಲಿ ಸಲ್ಲುವುದು ಅನುಕಂಪೆ.

ಅಣ್ಣಿಗೇರಿಯ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. ಬಾದಾಮಿಯ ಚಾಳುಕ್ಯ ಎರಡನೆಯ ಕೀರ್ತಿವರ್ಮನ ಆಳ್ವಿಕೆಯ ಆರನೆಯ ವರ್ಷದ ಶಾಸನವು ಜೇಬುಳಗೇರಿಯ ಮುಖ್ಯಸ್ಥ ಕಲಿಯಮ್ಮನು ಇಲ್ಲಿ ಚೇದಿಯವನ್ನು, ಅಂದರೆ ಜಿನಾಲಯವನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ಮುಂದೆ ಗಂಗ ಬೂತುಗನು ಕಟ್ಟಿಸಿದ ಗಂಗಪೆರ್ಮಾಡಿ ಬಸದಿಯು ಚೋಳರ ದಾಳಿಯಲ್ಲಿ ಸುಟ್ಟಿತು. ಗದಗ ತಾಲೂಕಿನ ಗಾವರವಾಡದ ಶಾಸನದ ಪ್ರಕಾರ 1071-72ರ ವೇಳೆಗೆ ಮಹಾಮಂಡಲೇಶ್ವರ ಲಕ್ಷ್ಮರಸನು ಅದನ್ನು ಜೀರ್ಣೋದ್ಧಾರ ಮಾಡಿಸಿ, ದತ್ತಿಯನ್ನು ಮತ್ತೆ ನಡೆಯುವಂತೆ ಮಾಡಿದನು. ಸುಟ್ಟದ್ದು ಎಣಿಸದೆ ಬಂದ ಕೇಡು. ಮತ್ತೆ ಕಟ್ಟಿದ್ದು ಎಣಿಸಿ ಮಾಡಿದ ಕಾರ್ಯ. ಸಮಂತಭದ್ರರ ವಿವೇಚನೆಯ ಎರಡೂ ಬದಿಗಳು ಒಂದೇ ಬಸದಿಯ ಚರಿತ್ರೆಯಲ್ಲಿ ಕಾಣುತ್ತವೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ದೈವ’ವೆಂಬ ಶಬ್ದಕ್ಕೆ ಇನ್ನೊಂದು ಅರ್ಥವಿದೆ. ‘ದೈವ ಕೂಡಿದೆ’ ಎಂದರೆ ಊರಿನ ಹಿರಿಯರೂ ಸಮಾಜದವರೂ ಸಭೆ ಸೇರಿದ್ದಾರೆಂದು ಅರ್ಥ. ‘ದೈವದವರು’ ಎಂದರೆ ಆ ಸಮಾಜದ ಜನ. ಆಕಾಶದಲ್ಲಿದ್ದ ಶಬ್ದವನ್ನು ಜನರು ಕಟ್ಟೆಯ ಮೇಲೆ ಕೂಡಿಸಿದ್ದಾರೆ. ವಿದ್ಯೆಗೆ ನೆರವಿಲ್ಲದ ಮಗು, ಔಷಧಕ್ಕೆ ಹಣವಿಲ್ಲದ ರೋಗಿ, ಸಾಲದಲ್ಲಿ ಮುಳುಗಿದ ಒಕ್ಕಲಿಗನು ಎದುರು ನಿಂತಾಗ ಹಣೆಬರಹಕ್ಕೆ ಹೊಣೆ ಯಾರೆಂಬ ಪ್ರಶ್ನೆ ಕೂಡಿದ ದೈವದ ಮುಂದೆಯೇ ಬರುತ್ತದೆ. ಅವರ ಪೂರ್ವಕರ್ಮಕ್ಕೆ ಆ ದೈವದವರು ಹೊಣೆಯಲ್ಲ. ಆದರೆ ಅವರ ಅನ್ನ, ವಿದ್ಯೆ, ಔಷಧಗಳಿಗೆ ಒದಗಬಹುದಾದ ನಿಮಿತ್ತ ದೈವದವರ ಕೈಯಲ್ಲಿದೆ. ಅದನ್ನು ಒದಗಿಸುವುದೂ ಬಿಡುವುದೂ ಅವರು ಎಣಿಸಿ ಮಾಡುವ ಕಾರ್ಯ. ಅದರ ಫಲವೂ ಅವರದೇ.